ಕೊಲಂಬಿಯಾದ ಹುಳಿ ಮಣ್ಣು, 20 ಟನ್ ಇದ್ದಿಲು, 140 ಪರ್ಸೆಂಟ್ ಮೆಕ್ಕೆಜೋಳ: ಒಂದು ಪ್ರಕರಣ ಅಧ್ಯಯನ

ಬಯೋಚಾರ್ ಬಗ್ಗೆ ಮಾತು ಶುರುವಾದರೆ ಸಾಕು, ಪರ್ಸೆಂಟ್‌ಗಳ ಸುರಿಮಳೆ. ಇಳುವರಿ ಅಷ್ಟು ಜಾಸ್ತಿ, ನೀರು ಇಷ್ಟು ಉಳಿತಾಯ, ಗೊಬ್ಬರ ಅರ್ಧಕ್ಕೆ ಸಾಕು ಅಂತೆಲ್ಲ. ಇವುಗಳಲ್ಲಿ ಬಹುಪಾಲಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಆದರೆ ಇದ್ದಿಲು ಹಾಕಿದ ಕಡೆ ಮೆಕ್ಕೆಜೋಳ 140 ಪರ್ಸೆಂಟ್ ಜಾಸ್ತಿ ಬಂತು ಅನ್ನೋ ಒಂದು ಅಂಕಿ ಮಾತ್ರ ಗಟ್ಟಿ ಮನೆತನದ್ದು. ಹೊಲದಲ್ಲೇ ನಾಲ್ಕು ವರ್ಷ ಬೆಳೆ ತೆಗೆದು, ಅಳೆದು, 2010ರಲ್ಲಿ ಮಣ್ಣು ವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾದ ಅಂಕಿ ಅದು. ಸುಳ್ಳಲ್ಲ. ಆದರೆ ಅದನ್ನು ಒಂಟಿಯಾಗಿ ಕಿತ್ತು ತಂದು ತೋರಿಸಿದರೆ ನಿಜವೂ ಅಲ್ಲ. ಆ ನಾಲ್ಕು ವರ್ಷದಲ್ಲಿ ಏನಾಯಿತು ಅಂತ ಪೂರ್ತಿ ನೋಡಿದರೆ ಇದ್ದಿಲು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಸುಮ್ನೆ ಕೂರುತ್ತದೆ ಅನ್ನೋದು ಗೊತ್ತಾಗುತ್ತದೆ.

ಹೊಸಬರಿಗಾಗಿ ಒಂದು ಮಾತು. ಬಯೋಚಾರ್ ಅಂದರೆ ಹೊಲಕ್ಕೆ ಹಾಕೋ ಇದ್ದಿಲು. ಕಟ್ಟಿಗೆ, ಕಡ್ಡಿ, ಸಿಪ್ಪೆಯನ್ನು ಸಾಕಷ್ಟು ಗಾಳಿ ಸಿಗದಂತೆ ಸುಟ್ಟರೆ ಅದು ಬೂದಿಯಾಗದೆ ಕರಿಯಾಗಿ ಉಳಿಯುತ್ತದೆ. ಅದರೊಳಗಿನ ಇಂಗಾಲ ಬೇಗ ಕೊಳೆಯುವುದಿಲ್ಲ.

ಜಾಗ ಎಂಥದ್ದು?

ಕೊಲಂಬಿಯಾದ ಪೂರ್ವಕ್ಕೆ, ಆಂಡಿಸ್ ಬೆಟ್ಟ ಇಳಿದ ಮೇಲೆ, ಲಾನೋಸ್ ಅನ್ನೋ ದೊಡ್ಡ ಹುಲ್ಲು ಬಯಲು ಬರುತ್ತದೆ. ಒರಿನೋಕೊ ನದಿಯ ಕಡೆಗೆ ಇಳಿಜಾರಾಗಿ ವೆನೆಜುವೆಲಾವರೆಗೂ ಹರಡಿಕೊಂಡಿದೆ. ಮಳೆ ಧಾರಾಳ. ಬಿಸಿಲಿಗೂ ಕೊರತೆ ಇಲ್ಲ. ಆದರೂ ಅಲ್ಲಿ ಬಹಳ ಕಾಲ ದನ ಮೇಯಿಸೋದು ಬಿಟ್ಟರೆ ಹೇಳಿಕೊಳ್ಳುವಂಥ ಬೇಸಾಯ ಇರಲಿಲ್ಲ. ಕಾರಣ ಮಣ್ಣು.

ಅದು ತುಂಬಾ ಹಳೆಯ ಮಣ್ಣು. ಲಕ್ಷಾಂತರ ವರ್ಷಗಳ ಮಳೆಗೆ ಅದರೊಳಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಶ್ ಎಲ್ಲ ತೊಳೆದು ಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿದಿದೆ. ಮಣ್ಣಿಗೆ ಬಣ್ಣ ಬಂದಿದ್ದೂ ಕಬ್ಬಿಣದಿಂದಲೇ. ರಸಸಾರ, ಅಂದರೆ ಪಿಎಚ್, 4ರಿಂದ 5ರ ಆಸುಪಾಸು. ಇಷ್ಟು ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ವಿಷ ಆಗುತ್ತದೆ. ಬೇರಿನ ತುದಿ ಮೊಂಡಾಗುತ್ತದೆ, ಉದ್ದ ಬೆಳೆಯೋದಿಲ್ಲ. ಗಿಡ ಮೇಲೆ ಹಳದಿಯಾಗಿ ಗಿಡ್ಡಕ್ಕೆ ನಿಂತುಬಿಡುತ್ತದೆ. ಇನ್ನೊಂದು ಕಷ್ಟವೂ ಇದೆ. ಈ ಮಣ್ಣಿಗೆ ಪೋಷಕಾಂಶ ಹಿಡಿದಿಟ್ಟುಕೊಳ್ಳೋ ಶಕ್ತಿ ಕಡಿಮೆ. ಇವತ್ತು ಗೊಬ್ಬರ ಹಾಕಿದರೆ ನಾಲ್ಕು ದೊಡ್ಡ ಮಳೆಗೆ ಬೇರಿನ ಕೆಳಗೆ ಇಳಿದು ಹೋಗುತ್ತದೆ.

ಸಾಗರ, ಹೊಸನಗರ, ಸುಳ್ಯ, ಸಿದ್ದಾಪುರ ಕಡೆಯವರಿಗೆ ಈ ವಿವರ ಓದುವಾಗ ಎಲ್ಲೋ ಕೇಳಿದ ಹಾಗೆ ಅನ್ನಿಸಬಹುದು. ಅದಕ್ಕೆ ಆಮೇಲೆ ಬರೋಣ.

ಪ್ರಯೋಗ ಸರಳವಾಗಿತ್ತು

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೂಲಿ ಮೇಜರ್, ಜೊಹಾನ್ಸ್ ಲೆಹ್ಮನ್, ಸೂಸನ್ ರಿಹಾ, ಜೊತೆಗೆ ಮಾರ್ಕೊ ರೊಂಡೊನ್ ಮತ್ತು ಡಿಯೆಗೊ ಮೊಲಿನಾ ಸೇರಿ ಮಾಡಿದ ಕೆಲಸ ಇದು. ಲೆಹ್ಮನ್ ಅದಕ್ಕೂ ಮೊದಲು ಬ್ರೆಜಿಲ್‌ನ ಅಮೆಜಾನ್ ಕಾಡಿನ ಕಪ್ಪು ಮಣ್ಣಿನ ಮೇಲೆ ಕೆಲಸ ಮಾಡಿದ್ದವರು. ಅಲ್ಲಿನ ಹಳೆಯ ಜನವಸತಿಗಳ ಸುತ್ತ, ಇದ್ದಿಲು, ಮೂಳೆ, ಮಡಕೆ ಚೂರು, ಮನೆಯ ಕಸ ಎಲ್ಲ ಸೇರಿ ಶತಮಾನಗಳಲ್ಲಿ ಆದ ಫಲವತ್ತಾದ ಮಣ್ಣು ಅದು. ಅಂಥ ಮಣ್ಣನ್ನು ನೋಡಿದ ಯಾರಿಗೇ ಆದರೂ, ಬರೀ ಇದ್ದಿಲು ಹಾಕಿದರೆ ಏನಾಗುತ್ತೆ ನೋಡೋಣ ಅನ್ನಿಸೋದು ಸಹಜ.

ಲಾನೋಸ್‌ನ ಹೊಲದಲ್ಲಿ ಮೂರು ಥರದ ತಾಕು ಮಾಡಿದರು. ಒಂದಕ್ಕೆ ಇದ್ದಿಲು ಇಲ್ಲ. ಇನ್ನೊಂದಕ್ಕೆ ಹೆಕ್ಟೇರಿಗೆ 8 ಟನ್. ಮೂರನೆಯದಕ್ಕೆ 20 ಟನ್. ಹಾಕಿದ್ದು ಒಂದೇ ಸಲ. ಆಮೇಲೆ 2003ರಿಂದ 2006ರವರೆಗೆ ಮೆಕ್ಕೆಜೋಳ, ಅದರ ಹಿಂದೆ ಸೋಯಾ, ಹೀಗೆ ಸರದಿಯಲ್ಲಿ ಬೆಳೆದರು. ರಾಸಾಯನಿಕ ಗೊಬ್ಬರವನ್ನು ಮಾಮೂಲಿನಂತೆ ಕೊಟ್ಟರು. ಇದ್ದಿಲಿಗೆ ಬದಲು ಗೊಬ್ಬರ ಬಿಟ್ಟರು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

20 ಟನ್ ಅಂದರೆ ಎಷ್ಟು ಅಂತ ಕಣ್ಣಿಗೆ ಕಟ್ಟಬೇಕಾದರೆ, ಒಂದು ಚದರ ಮೀಟರ್ ಜಾಗಕ್ಕೆ 2 ಕೆ.ಜಿ. ಹೆಚ್ಚುಕಡಿಮೆ ಗಾರೆ ಕೆಲಸದ ಒಂದು ಬಾಂಡ್ಲಿ ತುಂಬಾ. ನಮ್ಮ ಲೆಕ್ಕದಲ್ಲಿ ಎಕರೆಗೆ 8 ಟನ್.

ಏನಾಯಿತು?

ಮೊದಲ ವರ್ಷ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. 2003ರ ಮೆಕ್ಕೆಜೋಳ ಇದ್ದಿಲು ಹಾಕಿದ ಕಡೆಗೂ ಹಾಕದ ಕಡೆಗೂ ಲೆಕ್ಕಕ್ಕೆ ಬರುವಷ್ಟು ಬೇರೆಯಾಗಿರಲಿಲ್ಲ. ಒಬ್ಬ ರೈತ ತನ್ನ ದುಡ್ಡು ಹಾಕಿ ಮಾಡಿದ್ದರೆ ಅಲ್ಲಿಗೆ ಕೈ ಬಿಡುತ್ತಿದ್ದ, ಅಲ್ವಾ?

2004ರಲ್ಲಿ 20 ಟನ್ ತಾಕಿನಲ್ಲಿ 28 ಪರ್ಸೆಂಟ್ ಜಾಸ್ತಿ ಬಂತು. 2005ರಲ್ಲಿ 30 ಪರ್ಸೆಂಟ್. 2006ರಲ್ಲಿ 140.

ಇಲ್ಲಿ ನಿಲ್ಲಬೇಕು. 28, 30, 140 ಅಂತ ಸಾಲಾಗಿ ಓದಿದಾಗ ಇದ್ದಿಲು ವರ್ಷ ವರ್ಷಕ್ಕೂ ಚುರುಕಾಗುತ್ತಾ ಹೋಗಿ ನಾಲ್ಕನೇ ವರ್ಷ ಇಳುವರಿ ಬುಗ್ಗೆಯಂತೆ ಚಿಮ್ಮಿತು ಅನ್ನಿಸುತ್ತದೆ. ಆಗಿದ್ದು ಬೇರೆ. ನಾಲ್ಕನೇ ವರ್ಷ ಇಡೀ ಹೊಲದ ಇಳುವರಿಯೇ ಕುಸಿದಿತ್ತು. ಇದ್ದಿಲು ಹಾಕದ ಕಡೆ ಇನ್ನೂ ಜೋರಾಗಿ ಕುಸಿಯಿತು. ಹಾಗಾಗಿ ಎರಡರ ನಡುವಿನ ಅನುಪಾತ ದೊಡ್ಡದಾಯಿತು.

ಒಂದು ಕಟ್ಟುಲೆಕ್ಕ ಹಾಕೋಣ. ಇವು ಆ ಪ್ರಯೋಗದ ಅಂಕಿಗಳಲ್ಲ, ಅರ್ಥವಾಗಲಿ ಅಂತ ನಾನು ಹಾಕಿದ್ದು. ಇದ್ದಿಲು ಇಲ್ಲದ ತಾಕು 20 ಕ್ವಿಂಟಾಲ್ ಕೊಟ್ಟು, ಇದ್ದಿಲಿನದು 26 ಕೊಟ್ಟರೆ 30 ಪರ್ಸೆಂಟ್ ಜಾಸ್ತಿ. ಮುಂದಿನ ವರ್ಷ ಅದೇ ತಾಕು 5 ಕ್ವಿಂಟಾಲ್‌ಗೆ ಇಳಿದು, ಇದ್ದಿಲಿನದು 12ಕ್ಕೆ ಇಳಿದರೆ 140 ಪರ್ಸೆಂಟ್ ಜಾಸ್ತಿ! ಪರ್ಸೆಂಟ್ ನಾಲ್ಕೂವರೆ ಪಟ್ಟು ಹಾರಿತು. ಆದರೆ ಜಾಸ್ತಿ ಸಿಕ್ಕಿದ್ದು ಮೊದಲ ವರ್ಷ 6 ಕ್ವಿಂಟಾಲ್, ಎರಡನೇ ವರ್ಷ 7. ರೈತನ ಕಣಜದಲ್ಲಿ ನೋಡಿದರೆ 26 ಇದ್ದದ್ದು 12 ಆಗಿದೆ. ಅವನು ಸಿಹಿ ಹಂಚುವುದಿಲ್ಲ.

ಸಂಶೋಧಕರು ಇದನ್ನು ಮುಚ್ಚಿಡಲಿಲ್ಲ. ಇಳುವರಿ ಕುಸಿಯಿತು, ಮಣ್ಣಿನ ಕ್ಯಾಲ್ಸಿಯಂ ಮೆಗ್ನೀಸಿಯಂ ದಾಸ್ತಾನು ಕರಗುತ್ತಾ ಬಂದಿದ್ದೇ ಅದಕ್ಕೆ ಕಾರಣ ಇರಬೇಕು ಅಂತ ಬರೆದಿದ್ದಾರೆ. ಅದನ್ನು ಬಿಟ್ಟು ಪರ್ಸೆಂಟ್ ಮಾತ್ರ ಎತ್ತಿಕೊಂಡರೆ ತಪ್ಪು ಎತ್ತಿಕೊಂಡವರದ್ದು.

ಯಾಕೆ ಹೀಗಾಯಿತು?

ಪ್ರತಿ ಕೊಯ್ಲಿನ ಹೊತ್ತಿಗೆ ಗಿಡದ ಮಾದರಿ ತೆಗೆದು ಪರೀಕ್ಷೆ ಮಾಡಿದ್ದರು. 2005 ಬಿಟ್ಟು ಉಳಿದ ವರ್ಷಗಳಲ್ಲಿ ಒಂದಡಿ ಆಳದವರೆಗೆ ಮಣ್ಣನ್ನೂ ತೆಗೆದಿದ್ದರು. ಗಿಡ ಹೇಳಿದ್ದು ಒಂದೇ ಮಾತು: ನನಗೆ ಕ್ಯಾಲ್ಸಿಯಂ ಸಾಲುತ್ತಿಲ್ಲ, ಮೆಗ್ನೀಸಿಯಂ ಸಾಲುತ್ತಿಲ್ಲ. ಇದ್ದಿಲು ಹಾಕಿದ ಮಣ್ಣಿನಲ್ಲಿ ಗಿಡಕ್ಕೆ ಸಿಗುವ ರೂಪದ ಕ್ಯಾಲ್ಸಿಯಂ, ಮೆಗ್ನೀಸಿಯಂ 77ರಿಂದ 320 ಪರ್ಸೆಂಟ್ ಜಾಸ್ತಿ ಇತ್ತು. ಪಿಎಚ್ ಸ್ವಲ್ಪ ಏರಿತ್ತು. ಇಳುವರಿ ಹೆಚ್ಚಿದ್ದಕ್ಕೆ ಮುಖ್ಯ ಕಾರಣ ಇದೇ ಅಂತ ಅವರ ತೀರ್ಮಾನ.

ಇದ್ದಿಲು ಇದನ್ನು ಎರಡು ದಾರಿಯಲ್ಲಿ ಮಾಡಬಲ್ಲದು. ಒಂದು, ಅದರ ಜೊತೆ ಬರುವ ಬೂದಿ. ಬೂದಿಯಲ್ಲಿ ಸುಣ್ಣದ ಗುಣ ಇದೆ, ಹುಳಿ ಕಡಿಮೆ ಮಾಡುತ್ತದೆ. ಇದು ಬೇಗ ಸಿಗುತ್ತದೆ, ಬೇಗ ಮುಗಿಯುತ್ತದೆ. ಎರಡನೆಯದು ನಿಧಾನದ ದಾರಿ. ಹೊಸ ಇದ್ದಿಲಿನ ಮೈ ಪೋಷಕಾಂಶವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಮಣ್ಣಿನಲ್ಲಿ ಗಾಳಿ, ನೀರು, ಸೂಕ್ಷ್ಮಜೀವಿಗಳ ಸಂಗದಲ್ಲಿ ಅದು ಹಳತಾದಂತೆ ಅದರ ಮೇಲ್ಮೈಗೆ ಋಣ ವಿದ್ಯುದಂಶ ಬರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಶ್ ಮೂರಕ್ಕೂ ಧನ ವಿದ್ಯುದಂಶ ಇರುವುದರಿಂದ ಅಲ್ಲಿ ಬಂದು ಅಂಟುತ್ತವೆ. ಬೇರು ಕೇಳಿದಾಗ ಬಿಡುತ್ತವೆ. ಮೊದಲ ವರ್ಷದ ಸಪ್ಪೆ ಫಲಿತಾಂಶಕ್ಕೆ ಇದೂ ಒಂದು ಕಾರಣ ಇದ್ದೀತು ಅನ್ನೋದು ನನ್ನ ಊಹೆ.

ಹಿಡಿದಿಟ್ಟುಕೊಳ್ಳುವುದು ಬೇರೆ, ಹುಟ್ಟಿಸುವುದು ಬೇರೆ. ಇದ್ದಿಲು ಕ್ಯಾಲ್ಸಿಯಂ ಹುಟ್ಟಿಸೋದಿಲ್ಲ. ವರ್ಷಕ್ಕೆ ಎರಡು ಬೆಳೆ ತೆಗೆದು ಕಾಳೆಲ್ಲ ಹೊರಗೆ ಸಾಗಿಸಿದರೆ ಕಣಜ ಎಷ್ಟೇ ದೊಡ್ಡದಿದ್ದರೂ ಖಾಲಿ ಆಗಲೇಬೇಕು. ಲಾನೋಸ್‌ನಲ್ಲಿ ನಾಲ್ಕನೇ ವರ್ಷ ಆಗಿದ್ದು ಇದೇ. ಇದ್ದಿಲಿನ ತಾಕಿನಲ್ಲಿ ಇನ್ನೂ ತಳದಲ್ಲಿ ಒಂದಿಷ್ಟು ಉಳಿದಿತ್ತು, ಪಕ್ಕದ್ದರಲ್ಲಿ ಅದೂ ಇರಲಿಲ್ಲ.

ಈ ಪ್ರಯೋಗದಲ್ಲಿ ನನಗೆ ಕೊರತೆ ಅನ್ನಿಸುವುದು ಇಲ್ಲೇ. ಇದ್ದಿಲಿನ ಪ್ರಮಾಣ ಬದಲಿಸಿದ ಮೂರು ತಾಕು ಇದ್ದವು. ಇದ್ದಿಲು ಇಲ್ಲದೆ ಸುಣ್ಣವನ್ನೇ ಜಾಸ್ತಿ ಕೊಟ್ಟ ನಾಲ್ಕನೇ ತಾಕು ಇದ್ದಿದ್ದರೆ? ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಇರುವ ಸುಣ್ಣದ ಕಲ್ಲಿನ ಪುಡಿ, ಅಂದರೆ ಡಾಲಮೈಟ್, ಕೆಲವೇ ಚೀಲ ಹಾಕಿದ್ದರೆ ಅದೇ 28-30 ಪರ್ಸೆಂಟ್ ಬರುತ್ತಿತ್ತೋ ಏನೋ. ವಿಜ್ಞಾನಿಗೆ ಇದ್ದಿಲು ಹೇಗೆ ಕೆಲಸ ಮಾಡುತ್ತದೆ ಅನ್ನೋದು ಮುಖ್ಯ. ರೈತನಿಗೆ ಇದಕ್ಕಿಂತ ಅಗ್ಗದ್ದು ಇದೆಯಾ ಅನ್ನೋದು ಮುಖ್ಯ.

ನೀರಿನ ಕಥೆ, ಮಾಯವಾದ ಇದ್ದಿಲಿನ ಕಥೆ

ಇದ್ದಿಲು ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಇದೇ ತಂಡ 20 ಟನ್ ತಾಕಿನಲ್ಲಿ ಮೂರನೇ ಮತ್ತು ನಾಲ್ಕನೇ ವರ್ಷ ಅದನ್ನೂ ಅಳೆಯಿತು. ಮಣ್ಣು ನೀರು ಹಿಡಿದಿಟ್ಟುಕೊಳ್ಳೋ ಶಕ್ತಿಯಲ್ಲಿ ಗಮನಕ್ಕೆ ಬರುವಂಥ ವ್ಯತ್ಯಾಸ ಇರಲಿಲ್ಲ. ನೀರು ಕೆಳಗೆ ಇಳಿಯುವ ವೇಗದಲ್ಲೂ ಇಲ್ಲ. ಮರಳು ಮಣ್ಣಿನಲ್ಲಿ ಕಥೆ ಬೇರೆ ಇರಬಹುದು. ಆದರೆ ಇದ್ದಿಲು ಹಾಕಿದೆ, ಇನ್ನು ಒಂದು ನೀರು ಕಡಿಮೆ ಮಾಡಬಹುದು ಅಂತ ಎಲ್ಲ ಮಣ್ಣಿಗೂ ಹೇಳೋಕೆ ಬರುವುದಿಲ್ಲ.

ಪೋಷಕಾಂಶ ಸೋರಿಕೆಯ ಫಲಿತಾಂಶ ಇನ್ನೂ ಸ್ವಾರಸ್ಯ. ಇದ್ದಿಲು ಹಾಕಿದ ಕಡೆ ಎರಡು ಅಡಿ ಆಳದವರೆಗೆ ಸಾರಜನಕ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಶ್‌ಗಳ ಕೆಳಮುಖ ಹರಿವು ಜಾಸ್ತಿಯೇ ಆಗಿತ್ತು. ನಾಲ್ಕು ಅಡಿ ಆಳದಲ್ಲಿ ಮಾತ್ರ ಕಡಿಮೆ ಆಗಿತ್ತು. ಅಂದರೆ ಬೇರು ಇರುವ ಪದರದಲ್ಲಿ ಪೋಷಕಾಂಶ ಹೆಚ್ಚು ಓಡಾಡುತ್ತಿತ್ತು, ಆದರೆ ಕೈಗೆ ಸಿಗದಷ್ಟು ಆಳಕ್ಕೆ ಹೋಗುವುದು ತಗ್ಗಿತ್ತು. ಗಿಡ ಹೆಚ್ಚು ಹೀರಿಕೊಂಡಿದ್ದೂ ಇದಕ್ಕೆ ಕಾರಣ ಇರಬಹುದು. 'ಸೋರಿಕೆ ನಿಲ್ಲಿಸುತ್ತದೆ' ಅನ್ನೋ ಒಂದೇ ಸಾಲಿನಲ್ಲಿ ಇದು ಹಿಡಿಸುವುದಿಲ್ಲ.

ಅದೇ ಬಯಲಿನಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಹಳೆಯ ಮಾವಿನ ಮರದಿಂದ ಸವರಿದ ಕೊಂಬೆಗಳನ್ನು ಸುಟ್ಟು ಮಾಡಿದ ಇದ್ದಿಲನ್ನು ನಾಲ್ಕು ಇಂಚು ಆಳದವರೆಗೆ ಮಣ್ಣಿಗೆ ಬೆರೆಸಿ, ಅದು ಎಲ್ಲೆಲ್ಲಿಗೆ ಹೋಗುತ್ತದೆ ಅಂತ ಎರಡು ವರ್ಷ ಹಿಂಬಾಲಿಸಿದರು. ಕೊಳೆತು ಗಾಳಿಗೆ ಹೋಗಿದ್ದು 2.2 ಪರ್ಸೆಂಟ್. ನೀರಿನ ಜೊತೆ ಕೆಳಗೆ ಇಳಿದದ್ದು ಸುಮಾರು 1 ಪರ್ಸೆಂಟ್. ಇಲ್ಲಿವರೆಗೆ ಸಂತೋಷ. ಆದರೆ ಹಾಕಿದ್ದರಲ್ಲಿ 20ರಿಂದ 53 ಪರ್ಸೆಂಟ್ ಲೆಕ್ಕಕ್ಕೇ ಸಿಗಲಿಲ್ಲ. ಜೋರು ಮಳೆಗೆ ಮೇಲ್ಮೈ ನೀರಿನ ಜೊತೆ ಕೊಚ್ಚಿಕೊಂಡು ಹೋಗಿರಬೇಕು ಅಂತ ಅವರ ಅಂದಾಜು.

ಇದ್ದಿಲು ನೂರಾರು ವರ್ಷ ಉಳಿಯುತ್ತದೆ ಅನ್ನೋದು ನಿಜ. ನಿಮ್ಮ ಹೊಲದಲ್ಲೇ ಉಳಿಯುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯ ಸುತ್ತಮುತ್ತ, ಇಳಿಜಾರು ತೋಟದಲ್ಲಿ, ಮೇ ಕೊನೆಯಲ್ಲಿ ಪುಡಿ ಇದ್ದಿಲು ಎರಚಿದರೆ ಅದು ಶ್ರಾವಣದ ಹೊತ್ತಿಗೆ ಯಾವ ಹಳ್ಳದಲ್ಲಿ ಇರುತ್ತದೋ!

ನಮ್ಮ ಮಣ್ಣಿಗೆ ಇಟ್ಟು ನೋಡಿದರೆ

ಲಾನೋಸ್‌ಗೆ ಹತ್ತಿರದ ನೆಂಟ ಅಂದರೆ ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣು. ಅದೂ ಮಳೆಗೆ ತೊಳೆದು ಹೋದದ್ದೇ, ಹುಳಿಯೇ, ಕ್ಯಾಲ್ಸಿಯಂಗೆ ಪರದಾಡುವುದೇ. ಅಡಿಕೆ ಬುಡಕ್ಕೆ, ಕಾಫಿ ತೋಟಕ್ಕೆ ಸುಣ್ಣ ಕೊಡುವ ಪದ್ಧತಿ ಸುಮ್ನೆ ಬಂದಿದ್ದಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆ ಸುಡುಮಣ್ಣು ಮಾಡೋದು ಗೊತ್ತಲ್ಲ? ದರಗು, ಕಸಕಡ್ಡಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಹೊಗೆಯಾಡುತ್ತಾ ನಿಧಾನಕ್ಕೆ ಸುಡಲು ಬಿಡುತ್ತಾರೆ. ತರಕಾರಿಗೂ ಮಲ್ಲಿಗೆ ಗಿಡಕ್ಕೂ ಹಾಕುತ್ತಾರೆ. ಅದರಲ್ಲಿ ಬೂದಿಯೂ ಇದೆ, ಇದ್ದಿಲ ಚೂರೂ ಇದೆ. ಹೊಸ ಹೆಸರು ಬರುವ ಮೊದಲೇ ಅಜ್ಜಂದಿರು ಹುಳಿ ಮಣ್ಣಿಗೆ ಮದ್ದು ಕಂಡುಕೊಂಡಿದ್ದರು.

ಕಲಬುರಗಿ, ವಿಜಯಪುರದ ಎರೆಮಣ್ಣಿಗೆ ಬಂದರೆ ಲೆಕ್ಕ ತಲೆಕೆಳಗು. ಅಲ್ಲಿ ಪಿಎಚ್ 8 ದಾಟಿರುತ್ತದೆ. ಉಳುವಾಗ ಸುಣ್ಣದ ಹರಳು ಕಣ್ಣಿಗೇ ಕಾಣುತ್ತವೆ. ಕ್ಯಾಲ್ಸಿಯಂ ಬೇಡವೆಂದರೂ ಇದೆ. ಪೋಷಕಾಂಶ ಹಿಡಿಯುವ ಶಕ್ತಿ ಜೇಡಿಗೇ ಬೇಕಾದಷ್ಟಿದೆ. ಲಾನೋಸ್‌ನಲ್ಲಿ ಇದ್ದಿಲು ಯಾವ ಎರಡು ಕೆಲಸ ಮಾಡಿತೋ ಆ ಎರಡೂ ಇಲ್ಲಿ ಬೇಕಿಲ್ಲ. ಅಲ್ಲಿ ಕಾಡೋದು ಸತುವಿನ, ಕಬ್ಬಿಣದ ಕೊರತೆ. ಬೂದಿ ತುಂಬಿದ ಇದ್ದಿಲು ಹಾಕಿ ಪಿಎಚ್ ಇನ್ನೂ ಏರಿಸಿದರೆ ಆ ಕೊರತೆ ಬಿಗಡಾಯಿಸೀತು. ತೊಗರಿ ಕಟ್ಟಿಗೆಯನ್ನು ಹೊಲದಲ್ಲಿ ಸುಮ್ನೆ ಬೆಂಕಿ ಇಡೋದಕ್ಕಿಂತ ಇದ್ದಿಲು ಮಾಡಿ ತಿಪ್ಪೆಗೆ ಸೇರಿಸೋದು ಒಳ್ಳೆಯದೇ. ಆದರೆ ಅದರಿಂದ 140 ಪರ್ಸೆಂಟ್ ಕಾಯುತ್ತಾ ಕೂರಬಾರದು.

2017ರಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ ಬಂತು. ಉಷ್ಣವಲಯದಲ್ಲಿ ಸರಾಸರಿ 25 ಪರ್ಸೆಂಟ್ ಇಳುವರಿ ಏರಿಕೆ, ತಣ್ಣನೆಯ ದೇಶಗಳಲ್ಲಿ ಏನೂ ಇಲ್ಲ. ಉಷ್ಣವಲಯದ ಹುಳಿ ಮಣ್ಣಿಗೆ ಸುಣ್ಣದ ಪರಿಣಾಮ ಸಿಕ್ಕಿದ್ದೇ ಅದರಲ್ಲಿ ದೊಡ್ಡ ಪಾಲು. ಲಾನೋಸ್ ಹೇಳಿದ್ದನ್ನೇ ಅದೂ ಹೇಳುತ್ತದೆ. 'ಉಷ್ಣವಲಯ' ಅನ್ನೋದರಲ್ಲಿ ಸುಳ್ಯವೂ ಬರುತ್ತದೆ, ಸಿಂದಗಿಯೂ ಬರುತ್ತದೆ ಅನ್ನೋದನ್ನು ಮರೆಯಬಾರದು.

ಇನ್ನು ಇದ್ದಿಲು ಎಲ್ಲಿಂದ ತರೋದು? ಒಣ ಕಟ್ಟಿಗೆಯ ತೂಕದ ಕಾಲು ಭಾಗದಷ್ಟು ಇದ್ದಿಲು ಸಿಕ್ಕರೆ ಪರವಾಗಿಲ್ಲ ಅನ್ನಬಹುದು. ಎಕರೆಗೆ 8 ಟನ್ ಹಾಕಬೇಕಾದರೆ 32 ಟನ್ ಒಣ ಕಟ್ಟಿಗೆ ಬೇಕು. ಒಂದು ಎಕರೆ ಹತ್ತಿಯಲ್ಲಿ ಕಡ್ಡಿ ಒಂದು ಟನ್, ಒಂದೂವರೆ ಟನ್ ಸಿಕ್ಕೀತು. ಅಂದರೆ ಇಪ್ಪತ್ತಕ್ಕೂ ಹೆಚ್ಚು ವರ್ಷದ ಕಡ್ಡಿಯನ್ನು ಒಂದೇ ಸಲ ಒಂದೇ ಎಕರೆಗೆ ಸುರಿಯಬೇಕು. ಕೊಂಡು ಹಾಕೋದಾದರೆ ಮೆಕ್ಕೆಜೋಳದ ಬೆಲೆಯಲ್ಲಿ ಅದು ಗಿಟ್ಟುವ ಮಾತೇ ಅಲ್ಲ. ನನ್ನ ಪ್ರಕಾರ ಈ ಪ್ರಕರಣದಿಂದ ನಾವು ತರಬಾರದ ವಸ್ತು ಅಂದರೆ ಆ 20 ಟನ್.

ಕಡಿಮೆ ಇದ್ದಿಲಿನಲ್ಲಿ ಕೆಲಸ ಮಾಡಿಸುವ ದಾರಿ ನೇಪಾಳದಲ್ಲಿ ಸಿಕ್ಕಿತ್ತು. ಅಲ್ಲಿ ಕಳೆ ಪೊದೆಯಿಂದ ಮಾಡಿದ ಇದ್ದಿಲನ್ನು ದನದ ಗಂಜಲದಲ್ಲಿ ನೆನೆಸಿ, ಹೊಲಕ್ಕೆಲ್ಲ ಎರಚದೆ ಕುಂಬಳ ಬಳ್ಳಿಯ ಬೇರಿನ ಹತ್ತಿರ ಮಾತ್ರ ಹಾಕಿದರು. ಹೆಕ್ಟೇರಿಗೆ 750 ಕೆ.ಜಿ. ಅಷ್ಟೇ. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬರೀ ಗಂಜಲ ಹಾಕಿದ್ದಕ್ಕಿಂತ ಇಳುವರಿ ನಾಲ್ಕು ಪಟ್ಟು, ನೆನೆಸದ ಇದ್ದಿಲಿಗಿಂತ 85 ಪರ್ಸೆಂಟ್ ಜಾಸ್ತಿ. ಒಂದು ಬೆಳೆಯ, ಒಂದು ಜಾಗದ ಫಲಿತಾಂಶ ಅದು. ನಾಲ್ಕು ಪಟ್ಟು ಅನ್ನೋದನ್ನು ನಾನು ಪಕ್ಕಕ್ಕಿಡುತ್ತೇನೆ. ವಿಧಾನ ಮಾತ್ರ ನಮ್ಮ ಕೊಟ್ಟಿಗೆಗೆ ಸರಿಯಾಗಿ ಹೊಂದುತ್ತದೆ.

ಮಾಡೋದು ಕಷ್ಟ ಇಲ್ಲ. ಮೇಲೆ ಅಗಲ, ಕೆಳಗೆ ಕಿರಿದಾಗುವ ಗುಂಡಿ ತೋಡಬೇಕು, ಸೊಂಟದ ಆಳ ಸಾಕು. ತಳದಲ್ಲಿ ಒಣ ಕಡ್ಡಿಗೆ ಬೆಂಕಿ ಹಚ್ಚಿ, ಅದರ ಮೈ ಮೇಲೆ ಬಿಳಿ ಬೂದಿ ಕಾಣುತ್ತಿದ್ದಂತೆ ಇನ್ನೊಂದು ತೆಳು ಪದರ ಹಾಕಬೇಕು. ಮೇಲಿನ ಉರಿ ಗಾಳಿಯನ್ನೆಲ್ಲ ತಿಂದುಬಿಡುವುದರಿಂದ ಕೆಳಗಿನದು ಬೂದಿಯಾಗದೆ ಕೆಂಡವಾಗಿಯೇ ಉಳಿಯುತ್ತದೆ. ಹೊಗೆ ಎದ್ದರೆ ಪದರ ದಪ್ಪವಾಯಿತು ಅಥವಾ ಕಡ್ಡಿ ಹಸಿ ಅಂತ ತಿಳಿಯಬೇಕು. ಗುಂಡಿ ತುಂಬಿದ ಮೇಲೆ ಚೆನ್ನಾಗಿ ನೀರು ಹೊಯ್ದು ಆರಿಸಬೇಕು, ಒಳಗೆ ಒಂದು ಕೆಂಡ ಉಳಿದರೂ ಬೆಳಗಾಗುವಷ್ಟರಲ್ಲಿ ಎಲ್ಲ ಬೂದಿ. ಆರಿದ ತುಂಡು ಎರಡನ್ನು ತಟ್ಟಿದರೆ ಮಡಕೆ ಚೂರಿನ ಹಾಗೆ ಟಿಣ್ ಅನ್ನಬೇಕು. ಕೈಗೆ ಹತ್ತಿದ ಕರಿ ಬರೀ ನೀರಿಗೆ ಹೋಗಬೇಕು. ಜಿಡ್ಡಾಗಿ ಅಂಟಿಕೊಂಡು ಸೋಪು ಕೇಳಿದರೆ ಸರಿಯಾಗಿ ಸುಟ್ಟಿಲ್ಲ, ಟಾರು ಉಳಿದಿದೆ ಅಂತ ಅರ್ಥ. ಅದನ್ನು ಮತ್ತೆ ಸುಡಬೇಕು. ಸರಿಯಾಗಿದ್ದರೆ ಪುಡಿ ಮಾಡಿ, ಗಂಜಲದಲ್ಲೋ ಸ್ಲರಿಯಲ್ಲೋ ಕೆಲವು ದಿನ ನೆನೆಸಿ, ಗೊಬ್ಬರದ ಜೊತೆ ಬುಡಕ್ಕೆ ಹಾಕಿ ಮಣ್ಣು ಮುಚ್ಚಬಹುದು. ಮಲೆನಾಡಿನಲ್ಲಾದರೆ ದೊಡ್ಡ ಮಳೆ ಹಿಂದೆ ಸರಿದ ಮೇಲೆ, ಮೇಲೆ ಸೊಪ್ಪು ದರಗಿನ ಹೊದಿಕೆ ಕೊಟ್ಟು.

ಸೊರಬ, ಶಿಕಾರಿಪುರ ಕಡೆ ಮೆಕ್ಕೆಜೋಳ ಬೆಳೆಯುವವರು ಲಾನೋಸ್‌ನಲ್ಲಿ ಬಿಟ್ಟುಹೋದ ಆ ನಾಲ್ಕನೇ ತಾಕನ್ನು ತಮ್ಮ ಹೊಲದ ಮೂಲೆಯಲ್ಲೇ ಸೇರಿಸಿ ನೋಡಬಹುದು. ಮೊದಲು ಮಣ್ಣು ಪರೀಕ್ಷೆ. ಪಿಎಚ್ ಐದೂವರೆಗಿಂತ ಕೆಳಗಿದ್ದರೆ ಮುಂದುವರಿಯಿರಿ, ಏಳರ ಹತ್ತಿರ ಇದ್ದರೆ ಇದ್ದಿಲಿನ ಯೋಚನೆ ಬಿಟ್ಟು ಬೇರೆ ಕೊರತೆ ಹುಡುಕಿ. ನಾಲ್ಕು ಪಟ್ಟೆ ಮಾಡಿ: ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಸುಣ್ಣ ಅಥವಾ ಡಾಲಮೈಟ್, ಒಂದಕ್ಕೆ ನೆನೆಸಿದ ಇದ್ದಿಲು, ಒಂದಕ್ಕೆ ಎರಡೂ. ಗೊಬ್ಬರ ನಾಲ್ಕಕ್ಕೂ ಸಮ. ತೆನೆ ಮುರಿದಾಗ ಪಟ್ಟೆಯ ಕಾಳನ್ನು ಬೇರೆ ಬೇರೆ ತೂಗಿ, ಪರ್ಸೆಂಟ್‌ನಲ್ಲಿ ಬರೆಯದೆ ಕೆ.ಜಿ.ಯಲ್ಲಿ ಬರೆದಿಡಿ. ಪಕ್ಕದಲ್ಲಿ ಆ ಪಟ್ಟೆಗೆ ಆದ ಖರ್ಚನ್ನೂ ಬರೆಯಿರಿ, ಗುಂಡಿ ತೋಡಿದ ಕೂಲಿ ಸೇರಿಸಿ.